ಇಂಗ್ಲಿಷ್ ಉಚ್ಚಾರಣೆ: ನಮಗೆ ಆಗಲೇ ಗೊತ್ತಿರುವುದು ಎಷ್ಟು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ವಾಣಿಜ್ಯ ವಿಭಾಗಕ್ಕೆ ಸೇರಿದ ಮೇಲೆ ನಾವು ದಿನವೂ ಬಳಸುವ ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನವೇ. ಡೆಬಿಟ್, ಕ್ರೆಡಿಟ್, ಲೆಡ್ಜರ್, ಸ್ಟಾಕ್, ಡಿಪ್ರಿಸಿಯೇಷನ್, ಹೀಗೆ. ಹತ್ತನೇ ತರಗತಿಯವರೆಗೆ ಉರ್ದು ಮಾಧ್ಯಮದಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿ ಬಂದವರು ಈ ಪದಗಳನ್ನು ಬರೆಯುವುದನ್ನು ಎರಡು ಮೂರು ತಿಂಗಳಲ್ಲಿ ಕಲಿತುಬಿಡುತ್ತಾರೆ. ನಾಲ್ಕು ಜನರ ಮುಂದೆ ನಿಂತು ಹೇಳುವುದು ಮಾತ್ರ ಕಷ್ಟ.

ನಮ್ಮ ತರಗತಿಯಲ್ಲಿ ಅಕೌಂಟೆನ್ಸಿ ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸುವ ಗೆಳತಿಯೊಬ್ಬಳಿದ್ದಾಳೆ. ಉರ್ದು ಶಾಲೆಯಿಂದ ಬಂದವಳು. ಕಳೆದ ವರ್ಷದ ಸೆಮಿನಾರಿನಲ್ಲಿ ಅವಳು "ಕ್ಲೋಸಿಂಗ್ ಇಸ್ಟಾಕ್" ಅಂದಾಗ ಹಿಂದಿನ ಬೆಂಚುಗಳಲ್ಲಿ ನಗು ಕೇಳಿಸಿತು. ಆಮೇಲೆ ಉತ್ತರ ಗೊತ್ತಿದ್ದರೂ ಅವಳು ಕೈ ಎತ್ತುವುದನ್ನು ಬಿಟ್ಟಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳಂತೆ ಸುಮ್ಮನಾದವರು ಪ್ರತಿ ತರಗತಿಯಲ್ಲೂ ಇದ್ದಾರೆ. ಲೆಕ್ಕ ಬರುತ್ತದೆ, ಉತ್ತರ ಗೊತ್ತು, ಆದರೆ ಬಾಯಿ ತೆರೆಯಲು ಭಯ. ನಾಳೆ ಬ್ಯಾಂಕಿನ ಸಂದರ್ಶನದಲ್ಲೂ ಇದೇ ಭಯ ಎದುರಾದರೆ ನಷ್ಟ ಯಾರಿಗೆ? ಆದ್ದರಿಂದ ಉಚ್ಚಾರಣೆಯನ್ನು ಬರಿಯ ಶೋಕಿಯ ವಿಷಯ ಎಂದುಕೊಳ್ಳಬಾರದು.

ನಮ್ಮ ಇಂಗ್ಲಿಷ್ ಉಪನ್ಯಾಸಕರು ಹೇಳಿಕೊಟ್ಟದ್ದನ್ನೂ, ಗ್ರಂಥಾಲಯದಲ್ಲಿರುವ ಧ್ವನಿಶಾಸ್ತ್ರದ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ, ನಮ್ಮಂಥವರಿಗೆ ಉಪಯೋಗಕ್ಕೆ ಬರುವಷ್ಟನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲು ಗುರಿ ಯಾವುದು ಎಂದು ತಿಳಿಯೋಣ

ಉಚ್ಚಾರಣೆ ಸುಧಾರಿಸುವುದು ಎಂದರೆ ಲಂಡನ್ನಿನವರಂತೆ ಮಾತಾಡುವುದು ಎಂದು ತುಂಬ ಜನ ತಿಳಿದಿದ್ದಾರೆ. ಡೇನಿಯಲ್ ಜೋನ್ಸ್ ಎಂಬ ಬ್ರಿಟಿಷ್ ವಿದ್ವಾಂಸರು 1917ರಲ್ಲಿ ಇಂಗ್ಲಿಷಿನ ಉಚ್ಚಾರಣಾ ನಿಘಂಟನ್ನು ಪ್ರಕಟಿಸಿದರು. ಅದರಲ್ಲಿ ಅವರು ಕೊಟ್ಟದ್ದು ಇಂಗ್ಲೆಂಡಿನ ಓದಿದ, ಅನುಕೂಲಸ್ಥ ಮನೆತನದವರ ಉಚ್ಚಾರಣೆ. ಬಹಳ ಕಾಲ ಶಾಲೆಗಳಲ್ಲಿ ಅದನ್ನೇ ಮಾದರಿ ಎಂದು ಕಲಿಸಲಾಯಿತು. ಆದರೆ ಇಂಗ್ಲೆಂಡಿನಲ್ಲೇ ಎಲ್ಲರೂ ಹಾಗೆ ಮಾತಾಡುವುದಿಲ್ಲ. ಸ್ಕಾಟ್ಲೆಂಡಿನವರದು ಒಂದು ಬಗೆ, ಅಮೆರಿಕದವರದು ಇನ್ನೊಂದು ಬಗೆ.

ಜೆನಿಫರ್ ಜೆಂಕಿನ್ಸ್ ಎಂಬ ಭಾಷಾತಜ್ಞೆ 2000ದಲ್ಲಿ ಬರೆದ ಪುಸ್ತಕದಲ್ಲಿ ಬೇರೆಯೇ ಪ್ರಶ್ನೆ ಕೇಳಿದರು. ಇಂಗ್ಲಿಷ್ ಯಾರ ಮನೆಮಾತೂ ಅಲ್ಲದ ಇಬ್ಬರು ಇಂಗ್ಲಿಷಿನಲ್ಲಿ ಮಾತಾಡಿದಾಗ, ಯಾವ ಧ್ವನಿ ತಪ್ಪಿದರೆ ಅರ್ಥ ಕೆಡುತ್ತದೆ, ಯಾವುದು ತಪ್ಪಿದರೆ ಏನೂ ಆಗುವುದಿಲ್ಲ? ಅರ್ಥ ಕೆಡಿಸುವಂಥವನ್ನು ಮೊದಲು ಕಲಿಯಿರಿ, ಉಳಿದದ್ದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಎಂಬುದು ಅವರ ವಾದದ ಸಾರ. ನಮಗೂ ಇದೇ ಸರಿಯಾದ ದಾರಿ. ಎದುರಿಗಿರುವವರು ಎರಡನೇ ಸಲ ಕೇಳದೆ ಅರ್ಥ ಮಾಡಿಕೊಳ್ಳಬೇಕು, ಅಷ್ಟು ಸಾಕು.

ನಮ್ಮ ಮನೆಯ ಮಾತನ್ನೇ ನೋಡಿ. ನಾವು ದಖನಿ ಆಡುವವರು. ಉತ್ತರದವರು ಗಂಟಲಿನ ಆಳದಿಂದ ಹೇಳುವ ಖಾಫ್ ಅಕ್ಷರವನ್ನು ನಾವು "ಖ" ಎಂದೇ ಹೇಳುತ್ತೇವೆ. ಲೇಖನಿಗೆ "ಖಲಮ್" ಅನ್ನುತ್ತೇವೆ. ಲಖನೌ ಕಡೆಯಿಂದ ಬಂದ ನೆಂಟರು ಇದನ್ನು ಕೇಳಿ ನಗುವುದುಂಟು. ಆದರೆ ನನ್ನ ದಾದಿ ಹೇಳಿದ ಮಾತು ಈ ಊರಿನಲ್ಲಿ ಯಾರಿಗೂ ಅರ್ಥವಾಗದೆ ಹೋದದ್ದಿಲ್ಲ. ದಖನಿಗೆ ಅದರದೇ ರೀತಿ ಇರುವಂತೆ ನಮ್ಮ ಇಂಗ್ಲಿಷಿಗೂ ಈ ನೆಲದ ಧಾಟಿ ಇದ್ದರೆ ಅದರಲ್ಲಿ ಅವಮಾನವಿಲ್ಲ.

ನಮ್ಮಲ್ಲಿರುವ ಎರಡು ಪಾಠಗಳು

ಇಂಗ್ಲಿಷಿನ ಎ, ಬಿ, ಸಿ, ಡಿ ಕ್ರಮದಲ್ಲಿ ಧ್ವನಿಯ ಲೆಕ್ಕಾಚಾರವಿಲ್ಲ. ಎ ಸ್ವರ, ಬಿ ತುಟಿಯದು, ಸಿ ಒಮ್ಮೆ ಕಾರ ಒಮ್ಮೆ ಸಕಾರ. ನಮ್ಮ ಕನ್ನಡ ವರ್ಣಮಾಲೆ ಹಾಗಲ್ಲ. ಕ ವರ್ಗ ಕಂಠ್ಯ, ಚ ವರ್ಗ ತಾಲವ್ಯ, ಟ ವರ್ಗ ಮೂರ್ಧನ್ಯ, ತ ವರ್ಗ ದಂತ್ಯ, ಪ ವರ್ಗ ಓಷ್ಠ್ಯ. ಗಂಟಲಿನಿಂದ ಹೊರಟು ತುಟಿಯವರೆಗೆ ಬರುವ ಕ್ರಮ ಇದು. ಹೈಸ್ಕೂಲಿನ ವ್ಯಾಕರಣದಲ್ಲಿ ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದೆವು. ವಾಸ್ತವದಲ್ಲಿ ಅದು ಧ್ವನಿಶಾಸ್ತ್ರದ ನಕ್ಷೆ.

ಇನ್ನೊಂದು ಪಾಠ ನಮ್ಮಲ್ಲಿ ಹಲವರಿಗೆ ಐದಾರು ವರ್ಷದಲ್ಲೇ ಆಗಿರುತ್ತದೆ. ಸಂಜೆ ಮಕ್ತಬಿಗೆ ಹೋಗಿ ಕಾಯಿದಾ ಓದುವಾಗ ಉಸ್ತಾದರು ಪ್ರತಿ ಅರಬ್ಬಿ ಅಕ್ಷರದ ಮಖ್ರಜ್ ಹೇಳಿಕೊಡುತ್ತಾರೆ. ಮಖ್ರಜ್ ಎಂದರೆ ಧ್ವನಿ ಹೊರಡುವ ಜಾಗ. ನಾಲಿಗೆಯ ತುದಿ ಎಲ್ಲಿ ತಾಗಬೇಕು, ತುಟಿ ಹೇಗಿರಬೇಕು, ಗಂಟಲಿನ ಯಾವ ಭಾಗ ಎಂದು ತಿದ್ದಿ ತಿದ್ದಿ ಹೇಳಿಸುತ್ತಾರೆ. ಎಂಟನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ವಿದ್ವಾಂಸ ಖಲೀಲ್ ಇಬ್ನ್ ಅಹ್ಮದ್ ತಮ್ಮ ಅರಬ್ಬಿ ನಿಘಂಟನ್ನು ಅಲಿಫ್‌ನಿಂದ ಆರಂಭಿಸಲಿಲ್ಲ. ಗಂಟಲಿನ ಅಕ್ಷರವಾದ ಐನ್‌ನಿಂದ ಆರಂಭಿಸಿ ತುಟಿಯ ಕಡೆಗೆ ಬಂದರು. ಅದಕ್ಕೇ ಅದಕ್ಕೆ "ಕಿತಾಬುಲ್ ಐನ್" ಎಂಬ ಹೆಸರು. ನಮ್ಮ ಕ ವರ್ಗದಿಂದ ಪ ವರ್ಗಕ್ಕೆ ಬರುವ ದಾರಿಯೂ ಹೆಚ್ಚುಕಡಿಮೆ ಅದೇ.

ಅಂದರೆ ಬಾಯಿಯೊಳಗೆ ಧ್ವನಿ ಎಲ್ಲಿ ಹುಟ್ಟುತ್ತದೆ ಎಂದು ಗಮನಿಸುವ ಅಭ್ಯಾಸ ನಮಗೆ ಹೊಸದಲ್ಲ. ಅದನ್ನು ಇಂಗ್ಲಿಷಿಗೆ ಉಪಯೋಗಿಸಬೇಕು ಎಂದು ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮಖ್ರಜ್ ಗೊತ್ತಿದ್ದವರಿಗೆ ಸುಲಭವಾಗುವ ಧ್ವನಿಗಳು

"ತ್ರೀ", "ಥೌಸಂಡ್", "ಮಂತ್", "ಗ್ರೋತ್" ಇವುಗಳಲ್ಲಿ ಬರುವ ಧ್ವನಿಯನ್ನು ನಾವು ಕನ್ನಡದ ತ ಅಥವಾ ಥ ದಿಂದ ಹೇಳುತ್ತೇವೆ. ತ ಹೇಳುವಾಗ ನಾಲಿಗೆ ಹಲ್ಲಿಗೆ ಒತ್ತಿ ಗಾಳಿಯನ್ನು ಪೂರ್ತಿ ತಡೆಯುತ್ತದೆ. ಇಂಗ್ಲಿಷಿನಲ್ಲಿ ಗಾಳಿ ನಿಲ್ಲಬಾರದು. ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಎರಡು ಹಲ್ಲುಗಳ ಅಂಚಿಗೆ ಮೆಲ್ಲಗೆ ತಾಗಿಸಿ ಗಾಳಿ ಬಿಡಬೇಕು. ಇದು ಕಾಯಿದಾದಲ್ಲಿ ಅಲಿಫ್, ಬಾ, ತಾ ಆದ ಮೇಲೆ ನಾಲ್ಕನೆಯದಾಗಿ ಬರುವ, ಮೂರು ಚುಕ್ಕೆಯ ಅಕ್ಷರದ ಮಖ್ರಜ್ ಅಲ್ಲವೇ? ಉರ್ದು ಓದುವಾಗ ನಾವು ಆ ಅಕ್ಷರವನ್ನು "ಸೆ" ಎಂದು ಸಕಾರದಂತೆ ಹೇಳುತ್ತೇವೆ. ಖುರಾನ್ ಓದುವಾಗ ಉಸ್ತಾದರು ಹಾಗೆ ಬಿಡುವುದಿಲ್ಲ. ಅವರು ಹೇಳಿಸಿದಂತೆ ಹೇಳಿದರೆ "ತ್ರೀ"ಯ ಮೊದಲ ಧ್ವನಿ ಸಿಕ್ಕಿತು.

"ದಿಸ್", "ದಟ್", "ಅದರ್" ಪದಗಳದ್ದು ಅದೇ ಜಾಗ, ಆದರೆ ಗಂಟಲು ಕಂಪಿಸಬೇಕು. ಅರಬ್ಬಿಯಲ್ಲಿ ಅದು ಜ಼ಾಲ್ ಅಕ್ಷರ. ಉರ್ದುವಿನಲ್ಲಿ ಅದು ಬರಿಯ ಜ಼ಕಾರವಾಗಿಬಿಡುತ್ತದೆ, ಅರಬ್ಬಿಯಲ್ಲಿ ಆಗುವುದಿಲ್ಲ.

"ವಿ" ಮತ್ತು "ಡಬ್ಲ್ಯು" ವಿಷಯವೂ ಹಾಗೆಯೇ. ಕನ್ನಡದಲ್ಲಿ ಎರಡಕ್ಕೂ ವ, ಉರ್ದುವಿನಲ್ಲಿ ಎರಡಕ್ಕೂ ವಾವ್. "ವೇಜಸ್" ಮತ್ತು "ವ್ಯಾಲ್ಯೂ" ಎರಡನ್ನೂ ನಾವು ಒಂದೇ ವ ದಿಂದ ಆರಂಭಿಸುತ್ತೇವೆ. ಇಂಗ್ಲಿಷಿನಲ್ಲಿ "ವೇಜಸ್" ಹೇಳುವಾಗ ತುಟಿಗಳು ಶಿಳ್ಳೆ ಹಾಕುವಂತೆ ದುಂಡಗಾಗಬೇಕು, ಹಲ್ಲು ತಾಗಬಾರದು. ತಜ್‌ವೀದಿನಲ್ಲಿ ಕಲಿಸುವ ವಾವ್ ಸರಿಯಾಗಿ ಇದೇ. "ವ್ಯಾಲ್ಯೂ", "ವೋಚರ್", "ಇನ್‌ವಾಯ್ಸ್" ಹೇಳುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಈ ಧ್ವನಿ ಅರಬ್ಬಿಯಲ್ಲಿ ಇಲ್ಲ, ಆದರೆ ಫಾ ಅಕ್ಷರದ ಜಾಗ ಇದೆ. ಫಾ ಹೇಳುವ ಹಾಗೆ ಹಲ್ಲು ತುಟಿ ಇಟ್ಟುಕೊಂಡು ಗಂಟಲನ್ನು ಕಂಪಿಸಿದರೆ "ವಿ" ಬರುತ್ತದೆ. ಕನ್ನಡಿ ಮುಂದೆ ನಿಂತು "ವೆಸ್ಟ್" ಎಂಬುದನ್ನು ಎರಡು ರೀತಿಯಲ್ಲೂ ಹೇಳಿ ನೋಡಿ. ತುಟಿ ದುಂಡಗಾದರೆ ಪಶ್ಚಿಮ ದಿಕ್ಕು, ಹಲ್ಲು ತಾಗಿದರೆ ಬನಿಯನ್.

ಉರ್ದು ಮನೆಯವರಿಗೆ

ಉರ್ದು ಆಡುವವರಿಗೆ ದೊಡ್ಡ ಲಾಭ ಜ಼ ಮತ್ತು ಫ಼. "ಬಿಸಿನೆಸ್" ಎಂದು ಬರೆದರೂ ಹೇಳಬೇಕಾದದ್ದು "ಬಿಜ಼್‌ನಿಸ್". "ಪ್ರೈಸ್" ಎಂದರೆ ಬೆಲೆ, "ಪ್ರೈಜ಼್" ಎಂದರೆ ಬಹುಮಾನ. ವ್ಯಾಪಾರ ಓದುವವರು ಇವೆರಡನ್ನು ಬೆರೆಸಿದರೆ ಹೇಗೆ? ನಮ್ಮ ನಾಲಿಗೆಗೆ ಇದು ಕಷ್ಟವಲ್ಲ, "ಜ಼ಮೀನ್", "ಬಾಜ಼ಾರ್" ಎಂದು ದಿನವೂ ಹೇಳುತ್ತೇವೆ. "ಡಿವಿಜನ್", "ಡಿಸಿಜನ್", "ಮೆಷರ್" ಪದಗಳ ನಡುವೆ ಬರುವ ಅಪರೂಪದ ಧ್ವನಿಗೂ ಉರ್ದುವಿನಲ್ಲಿ ಒಂದು ಅಕ್ಷರ ಉಂಟು, ಮೂರು ಚುಕ್ಕೆಯ ಝೆ. ಟೆಲಿವಿಷನ್ ಎಂದು ಉರ್ದುವಿನಲ್ಲಿ ಬರೆಯುವಾಗ ಅದೇ ಅಕ್ಷರ ಬಳಸುತ್ತೇವೆ.

ತೊಡಕು ಬರುವುದು ಎರಡು ಕಡೆ. ಒಂದು, ಪದದ ಆರಂಭದಲ್ಲಿ ಸ್ ಜೊತೆ ಇನ್ನೊಂದು ವ್ಯಂಜನ ಬಂದಾಗ. ಉರ್ದುವಿನ ಸ್ವಂತ ಪದಗಳು ಹಾಗೆ ಆರಂಭವಾಗುವುದು ಕಡಿಮೆ. ಅದಕ್ಕೆ ನಾಲಿಗೆ ತಾನಾಗಿ ಮುಂದೆ ಒಂದು ಇಕಾರ ಸೇರಿಸಿಕೊಳ್ಳುತ್ತದೆ. ಇಸ್ಕೂಲ್, ಇಸ್ಟೇಷನ್, ಇಸ್ಟಾಕ್. ಇದು ದಡ್ಡತನವಲ್ಲ, ಮನೆಮಾತಿನ ನಿಯಮ. ಪರಿಹಾರ ಸುಲಭ. ಮೊದಲು ಬರಿಯ "ಸ್ಸ್ಸ್" ಎಂದು ಹಾವಿನಂತೆ ಎಳೆಯಿರಿ, ನಿಲ್ಲಿಸದೆ "ಟಾಕ್" ಸೇರಿಸಿ. ನಿಧಾನವಾಗಿ ಎಳೆಯುವುದನ್ನು ಕಡಿಮೆ ಮಾಡಿ. ಇನ್ನೊಂದು ಉಪಾಯ, ಹಿಂದೆ ಸ್ವರದಿಂದ ಮುಗಿಯುವ ಪದ ಇಟ್ಟುಕೊಳ್ಳುವುದು. "ಮೈ ಸ್ಕೂಲ್", "ನೋ ಸ್ಟಾಕ್" ಎಂದು ಕೂಡಿಸಿ ಹೇಳಿದರೆ ಇಕಾರಕ್ಕೆ ಜಾಗವೇ ಇರುವುದಿಲ್ಲ. ಕನ್ನಡದ "ಸ್ಥಳ", "ಸ್ನೇಹ", "ಸ್ವಂತ" ಪದಗಳನ್ನು ಜೋರಾಗಿ ಓದುವುದೂ ಒಳ್ಳೆಯ ಅಭ್ಯಾಸ.

ಎರಡನೆಯದು ಹ್ರಸ್ವ ಎ ಮತ್ತು ದೀರ್ಘ ಏ. ಕನ್ನಡದಲ್ಲಿ ಇವು ಬೇರೆ ಬೇರೆ ಅಕ್ಷರ. ಉರ್ದು ಲಿಪಿಯಲ್ಲಿ ಬೇರೆ ಇಲ್ಲ. ಅದಕ್ಕೆ ನಮ್ಮ ಕಡೆ ಕೆಲವರು ಕ್ರಿಕೆಟ್ಟಿನ ಟೆಸ್ಟನ್ನು "ಟೇಸ್ಟ್" ಮಾಡಿಬಿಡುತ್ತಾರೆ. "ಸೆಲ್" ಎಂದರೆ ಮಾರು, "ಸೇಲ್" ಎಂದರೆ ಮಾರಾಟ. "ಡೆಟ್" ಎಂದರೆ ಸಾಲ, "ಡೇಟ್" ಎಂದರೆ ತಾರೀಕು. ಪಕ್ಕದಲ್ಲಿ ಕನ್ನಡ ಮನೆಯ ಗೆಳೆಯರಿದ್ದರೆ "ಎಲೆ", "ಏಳು" ಎಂದು ಹೇಳಿಸಿ ಕೇಳಿ. ವ್ಯತ್ಯಾಸ ಕಿವಿಗೆ ಬೀಳುತ್ತದೆ.

ಕನ್ನಡ ಮನೆಯವರಿಗೆ

ಕನ್ನಡ ಆಡುವ ಗೆಳೆಯರಿಗೆ ಸ್ಟಾಕ್, ಸ್ಕೂಲ್ ತೊಂದರೆ ಇಲ್ಲ. ಹ್ರಸ್ವ ದೀರ್ಘಗಳೂ ಚೊಕ್ಕ. ಅವರು ಎಡವುವುದು ಬೇರೆ ಕಡೆ.

ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಿಂದ ಮುಗಿಯುತ್ತವೆ. ಆದ್ದರಿಂದ ಬಸ್ "ಬಸ್ಸು" ಆಗುತ್ತದೆ, ಬ್ಯಾಂಕ್ "ಬ್ಯಾಂಕು" ಆಗುತ್ತದೆ. ಕನ್ನಡ ವಾಕ್ಯದಲ್ಲಿ ಅದೇ ಸರಿ, ಅದೇ ಚೆಂದ. ಇಂಗ್ಲಿಷ್ ವಾಕ್ಯದೊಳಗೆ ಮಾತ್ರ ಆ ಉಕಾರ ಬಿಡಬೇಕು. ಹಾಗೆಯೇ ಎ, ಏ ಯಿಂದ ಆರಂಭವಾಗುವ ಪದಕ್ಕೆ ಒಂದು ಯಕಾರವೂ, ಒ, ಓ ಯಿಂದ ಆರಂಭವಾಗುವ ಪದಕ್ಕೆ ಒಂದು ವಕಾರವೂ ಮಾತಿನಲ್ಲಿ ಸೇರಿಕೊಳ್ಳುತ್ತದೆ. "ಎಲ್ಲಿ" ಎಂದು ಬರೆದು "ಯೆಲ್ಲಿ" ಎನ್ನುತ್ತೇವೆ, "ಒಂದು" ಎಂದು ಬರೆದು "ವೊಂದು" ಎನ್ನುತ್ತೇವೆ. ಇದೇ ರೂಢಿಯಲ್ಲಿ "ಎಂಟ್ರಿ" "ಯೆಂಟ್ರಿ" ಆಗುತ್ತದೆ, "ಓನರ್" "ವೋನರ್" ಆಗುತ್ತದೆ. ಬಾಯಿಯನ್ನು ಮೊದಲೇ ತೆರೆದಿಟ್ಟುಕೊಂಡು ಆಮೇಲೆ ಧ್ವನಿ ಹೊರಡಿಸಿದರೆ ಇದು ತಪ್ಪುತ್ತದೆ.

ಜ ಮತ್ತು ಜ಼ ಬೇರೆ ಮಾಡಲು ಒಂದು ಪರೀಕ್ಷೆ ಇದೆ. ಗಂಟಲ ಮೇಲೆ ಬೆರಳಿಟ್ಟು "ಸ್ಸ್ಸ್" ಎನ್ನಿ. ಕಂಪನ ಇಲ್ಲ. ಬಾಯಿಯನ್ನು ಸ್ವಲ್ಪವೂ ಬದಲಿಸದೆ ಧ್ವನಿ ಸೇರಿಸಿ. ಗಂಟಲು ದುಂಬಿಯಂತೆ ಗುಂಯ್‌ಗುಟ್ಟಿದರೆ ಅದೇ ಜ಼. "ಜ಼ೀರೋ", "ಸೈಜ಼್", "ಗುಡ್ಜ಼್" ಹೇಳಿ ನೋಡಿ.

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಗಿರಬೇಕು. ನನಗೆ ಕಷ್ಟವಾದದ್ದು ನನ್ನ ಪಕ್ಕದವಳಿಗೆ ಸಲೀಸು, ಅವಳಿಗೆ ಕಷ್ಟವಾದದ್ದು ನನಗೆ ಸಲೀಸು. ಒಂದೇ ಬೆಂಚಿನಲ್ಲಿ ಇಬ್ಬರು ಗುರುಗಳು ಕೂತಿದ್ದಾರೆ.

ಬರಹವನ್ನು ನಂಬಬೇಡಿ

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಈ ಒಳ್ಳೆಯ ಅಭ್ಯಾಸವೇ ಇಂಗ್ಲಿಷಿನಲ್ಲಿ ಮೋಸ ಮಾಡುತ್ತದೆ. ಉರ್ದು ಓದುವವರಿಗೆ ಬೇರೆ ಅನುಭವವಿದೆ. ಉರ್ದುವಿನಲ್ಲಿ ಜ಼ೇರ್, ಜ಼ಬರ್, ಪೇಶ್ ಚಿಹ್ನೆಗಳನ್ನು ಸಾಮಾನ್ಯವಾಗಿ ಹಾಕುವುದಿಲ್ಲ. "ಇಸ್" ಮತ್ತು "ಉಸ್" ಎರಡನ್ನೂ ಅವೇ ಎರಡು ಅಕ್ಷರಗಳಿಂದ ಬರೆಯುತ್ತೇವೆ, ಸಂದರ್ಭ ನೋಡಿ ಓದುತ್ತೇವೆ. ಕೇಳಿ ತಿಳಿಯದ ಪದವನ್ನು ಸರಿಯಾಗಿ ಓದಲಾಗುವುದಿಲ್ಲ. ಇಂಗ್ಲಿಷನ್ನೂ ಹಾಗೆಯೇ ನೋಡಬೇಕು. ಹೊಸ ಪದವನ್ನು ಕೇಳದೆ ಬಾಯಿಗೆ ಹಾಕಿಕೊಳ್ಳಬಾರದು.

ನಮ್ಮ ವಿಷಯದಲ್ಲೇ ಇದಕ್ಕೆ ಉದಾಹರಣೆಗಳಿವೆ. ಸಾಲ ಎಂಬ ಅರ್ಥದ "ಡೆಟ್" ಪದದಲ್ಲಿ ಬಿ ಅಕ್ಷರ ಬರೆಯುತ್ತಾರೆ, ಹೇಳುವುದಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಪದದಲ್ಲಿ ಬಿ ಇರಲೇ ಇಲ್ಲ. ಇದರ ಮೂಲ ಲ್ಯಾಟಿನ್ನಿನ "ಡೆಬಿಟುಮ್" ಎಂದು ತೋರಿಸಲು ಪಂಡಿತರು ನಂತರ ಅದನ್ನು ಬರಹದಲ್ಲಿ ಸೇರಿಸಿದರು. ಜನರ ಬಾಯಿ ಮಾತ್ರ ಹಳೆಯದನ್ನೇ ಹೇಳುತ್ತಾ ಬಂತು. ನಾವು ದಿನವೂ ಬರೆಯುವ "ಡೆಬಿಟ್" ಕೂಡ ಅದೇ ಮೂಲದ್ದು, ಅಲ್ಲಿ ಬಿ ಕೇಳಿಸುತ್ತದೆ. "ರಿಸೀಟ್" ಪದದ ಪಿ, "ಮಾರ್ಗೇಜ್" ಪದದ ಟಿ ಕೂಡ ಮೌನ.

ಭೂತಕಾಲದ "ಇ ಡಿ" ಬಗ್ಗೆ ಒಂದು ನಿಯಮ ನೆನಪಿಟ್ಟರೆ ಸಾವಿರ ಪದಗಳು ಸರಿಯಾಗುತ್ತವೆ. ಕ್ರಿಯಾಪದದ ಕೊನೆಯ ಧ್ವನಿ ಟ ಅಥವಾ ಡ ಆಗಿದ್ದರೆ ಮಾತ್ರ "ಇಡ್" ಎಂದು ಬೇರೆಯಾಗಿ ಹೇಳಬೇಕು: ಡೆಬಿಟಿಡ್, ಕ್ರೆಡಿಟಿಡ್, ಆಡಿಟಿಡ್. ಗಂಟಲು ಕಂಪಿಸುವ ಧ್ವನಿಯಿಂದ ಮುಗಿದರೆ ಬರಿಯ ಡ್: ರಿಸೀವ್ಡ್, ಕಾಲ್ಡ್. ಕಂಪಿಸದ ಧ್ವನಿಯಿಂದ ಮುಗಿದರೆ ಟ್: ಪರ್ಚಸ್ಟ್, ಆಸ್ಕ್ಟ್. "ಆಸ್ಕೆಡ್" ಎಂದು ಎರಡು ತುಂಡು ಮಾಡಬಾರದು. ಬಹುವಚನದ್ದೂ ಇದೇ ಲೆಕ್ಕ: ಅಸೆಟ್ಸ್, ಬಿಲ್ಜ಼್, ಲಾಸಿಜ಼್.

ಪದದ ಆರಂಭದ ಪ, ಟ, ಕ ಬಗ್ಗೆಯೂ ಒಂದು ಮಾತು. ಇಂಗ್ಲಿಷಿನವರು "ಪೇ" ಎನ್ನುವಾಗ ಪಕಾರದ ಜೊತೆ ಒಂದು ಉಸಿರು ಹೊರಗೆ ಬರುತ್ತದೆ, ನಮ್ಮ ಮಹಾಪ್ರಾಣದ ಹಾಗೆ. ತುಟಿಯ ಮುಂದೆ ತೆಳ್ಳಗಿನ ಕಾಗದ ಹಿಡಿದು ಹೇಳಿದರೆ ಕಾಗದ ಅಲುಗಬೇಕು. ನಾವು ಉಸಿರಿಲ್ಲದೆ ಹೇಳಿದರೆ ಹೊರದೇಶದವರ ಕಿವಿಗೆ "ಪ್ಯಾಕ್" ಎಂಬುದು "ಬ್ಯಾಕ್" ಎಂದು ಕೇಳಿಸಬಹುದು. ಆದರೆ ಸ್ ನಂತರ ಈ ಉಸಿರು ಬೇಡ. "ಸ್ಪೆಂಡ್" ಹೇಳುವಾಗ ಕಾಗದ ಸುಮ್ಮನಿರಬೇಕು.

ಒತ್ತು: ಎಲ್ಲಕ್ಕಿಂತ ಮುಖ್ಯವಾದದ್ದು

ನಮ್ಮ ಆಪಾ ಬೆಂಗಳೂರಿನ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸದಲ್ಲಿದ್ದಳು. ಹೊರ ರಾಜ್ಯದ ಗಿರಾಕಿಯೊಬ್ಬರು ಹದಿನೈದು ಪೆಟ್ಟಿಗೆ ಕೇಳಿದ್ದರು. ಇವಳಿಗೆ ಐವತ್ತು ಎಂದು ಕೇಳಿಸಿತು. ಖಚಿತಪಡಿಸಿಕೊಳ್ಳಲು ಇವಳು ತಿರುಗಿ "ಫಿಫ್ಟಿ" ಎಂದದ್ದು ಅವರಿಗೆ "ಫಿಫ್ಟೀನ್" ಎಂದೇ ಕೇಳಿಸಿತು, ಹೌದು ಎಂದರು. ಮೂವತ್ತೈದು ಪೆಟ್ಟಿಗೆ ವಾಪಸ್ ಬಂದವು. ಲಾರಿ ಬಾಡಿಗೆಯನ್ನು ಅವಳ ಸಂಬಳದಲ್ಲಿ ಹಿಡಿದರು. ಅಕ್ಷರ ಯಾವುದೂ ತಪ್ಪಿರಲಿಲ್ಲ, ಒತ್ತು ತಪ್ಪಿತ್ತು.

ಕನ್ನಡದಲ್ಲಿ, ಉರ್ದುವಿನಲ್ಲಿ ಒಂದು ಪದದ ಎಲ್ಲ ಭಾಗಗಳನ್ನೂ ಹೆಚ್ಚುಕಡಿಮೆ ಸಮನಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗವನ್ನು ಜೋರಾಗಿ, ಉದ್ದವಾಗಿ ಹೇಳಿ ಉಳಿದದ್ದನ್ನು ತೇಲಿಸುತ್ತಾರೆ. ನಿಘಂಟಿನಲ್ಲಿ ಒತ್ತು ಬೀಳುವ ಭಾಗದ ಮುಂದೆ ಮೇಲ್ಗಡೆ ಒಂದು ಪುಟ್ಟ ಗೆರೆ ಇರುತ್ತದೆ. ನಾನೂ ಇಲ್ಲಿ ಹಾಗೆಯೇ ' ಗುರುತು ಹಾಕಿದ್ದೇನೆ. ಐವತ್ತು ಎಂದರೆ 'ಫಿಫ್-ಟಿ. ಹದಿನೈದು ಎಂದರೆ ಫಿಫ್-'ಟೀನ್. ಆದರೆ ಮುಂದೆ ವಸ್ತುವಿನ ಹೆಸರು ಬಂದರೆ ಹದಿನೈದರ ಒತ್ತು ಕೂಡ ಮೊದಲ ಭಾಗಕ್ಕೆ ಜಾರುವುದುಂಟು. ಆಗ ಉದ್ದನೆಯ ಈಕಾರ ಮತ್ತು ಕೊನೆಯ ನ್ ಸ್ಪಷ್ಟವಾಗಿ ಕೇಳಿಸಬೇಕು. ಹಣದ ವಿಷಯವಾದರೆ "ಒನ್ ಫೈವ್", "ಫೈವ್ ಜ಼ೀರೋ" ಎಂದು ಬಿಡಿಸಿ ಹೇಳುವುದೇ ಕ್ಷೇಮ. ಹದಿಮೂರು-ಮೂವತ್ತು, ಹದಿನಾರು-ಅರವತ್ತು, ಎಲ್ಲಕ್ಕೂ ಇದೇ ಎಚ್ಚರ ಬೇಕು.

ಒತ್ತು ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಕೆಲವು ಸುಲಭ ನಿಯಮಗಳಿವೆ.

ಒಂದು: "ಶನ್", "ಇಕ್", "ಇಟಿ" ಎಂದು ಮುಗಿಯುವ ಪದಗಳಲ್ಲಿ ಅದರ ಹಿಂದಿನ ಭಾಗಕ್ಕೆ ಒತ್ತು. ಡಿ-ಪ್ರೀ-ಶಿ-'ಎ-ಶನ್, ಎ-ಕ-'ನಾ-ಮಿಕ್, ಲೈ-ಅ-'ಬಿ-ಲಿ-ಟಿ, ಲಿ-'ಕ್ವಿ-ಡಿ-ಟಿ. "ಪಾಲಿಟಿಕ್ಸ್"ನಂಥ ಕೆಲವು ಅಪವಾದಗಳಿವೆ, ಅದರಲ್ಲಿ ಒತ್ತು ಮೊದಲಿಗೆ.

ಎರಡು: ಒಂದೇ ಪದ ನಾಮಪದವೂ ಕ್ರಿಯಾಪದವೂ ಆಗಿರುವಾಗ ಅನೇಕ ಸಲ ನಾಮಪದಕ್ಕೆ ಮೊದಲು ಒತ್ತು, ಕ್ರಿಯಾಪದಕ್ಕೆ ಕೊನೆಗೆ. 'ಎಕ್ಸ್-ಪೋರ್ಟ್ ಎಂದರೆ ರಫ್ತು, ಎಕ್ಸ್-'ಪೋರ್ಟ್ ಎಂದರೆ ರಫ್ತು ಮಾಡು. 'ರೀ-ಫಂಡ್, ರಿ-'ಫಂಡ್. 'ರೆ-ಕಾರ್ಡ್, ರಿ-'ಕಾರ್ಡ್.

ಮೂರು: ಒಂದೇ ಮನೆತನದ ಪದಗಳಲ್ಲೂ ಒತ್ತು ಜಾಗ ಬದಲಿಸುತ್ತದೆ. 'ಕಾ-ಮರ್ಸ್, ಆದರೆ ಕ-'ಮರ್-ಷಲ್. ಇ-'ಕಾ-ನ-ಮಿ, ಆದರೆ ಎ-ಕ-'ನಾ-ಮಿಕ್ಸ್.

ನಾವು ಸಾಮಾನ್ಯವಾಗಿ ಮೊದಲ ಭಾಗಕ್ಕೆ ಒತ್ತು ಕೊಟ್ಟುಬಿಡುವ ಕೆಲವು ಪದಗಳನ್ನು ಬರೆದಿಟ್ಟುಕೊಳ್ಳಿ: ಡಿ-'ವೆ-ಲಪ್, ಕ-'ಮಿ-ಟಿ, ಪರ್-'ಸೆಂ-ಟಿಜ್, ಇ-'ವೆಂಟ್.

ಒತ್ತು ಬೀಳದ ಭಾಗದ ಸ್ವರ ಸಣ್ಣದಾಗಿ ಒಂದು ಮಸುಕಾದ ಅಕಾರ ಆಗಿಬಿಡುತ್ತದೆ. "ಅಕೌಂಟ್" ಪದದ ಮೊದಲ ಅಕಾರ, "ಬ್ಯಾಲನ್ಸ್" ಪದದ ಎರಡನೇ ಭಾಗ ಅಂಥವು. ನಿಘಂಟಿನಲ್ಲಿ ಇದಕ್ಕೆ ತಲೆಕೆಳಗಾದ ಇಂಗ್ಲಿಷಿನ ಇ ಅಕ್ಷರ ಬಳಸುತ್ತಾರೆ.

ವಾಕ್ಯದಲ್ಲೂ ಇದೇ ಕ್ರಮ. ಮುಖ್ಯ ಪದಗಳಿಗೆ ಬಲ, ಜೋಡಿಸುವ ಪುಟ್ಟ ಪದಗಳು ಹಗುರ. "ದ ಬ್ಯಾಲನ್ಸ್ ಅವ್ ದ ಅಕೌಂಟ್ ವಾಜ಼್ ಟ್ರಾನ್ಸ್‌ಫರ್ಡ್" ಎಂಬಲ್ಲಿ ಬ್ಯಾಲನ್ಸ್, ಅಕೌಂಟ್, ಟ್ರಾನ್ಸ್‌ಫರ್ಡ್ ಮೂರಕ್ಕೆ ಬಲ ಕೊಟ್ಟರೆ ಸಾಕು. ಒಂದು ಕಡೆ ಮಾತ್ರ ತುಂಬ ಹುಷಾರಾಗಿರಬೇಕು. "ಕೊಡಬಲ್ಲೆ" ಎನ್ನಲು "ಐ ಕನ್ 'ಪೇ" ಎಂದು ಹಗುರವಾಗಿ ಹೇಳುತ್ತಾರೆ. "ಕೊಡಲಾರೆ" ಎನ್ನಲು "ಐ 'ಕಾಂಟ್ 'ಪೇ" ಎಂದು ಒತ್ತುತ್ತಾರೆ. ಮೊದಲಿನದರಲ್ಲೂ ನಡುವಿನ ಪದವನ್ನು ಒತ್ತಿ ಹೇಳಿದರೆ ಕೇಳುವವರು ಉಲ್ಟಾ ತಿಳಿಯಬಹುದು.

ದಿನಕ್ಕೆ ಹದಿನೈದು ನಿಮಿಷ

ಇದಕ್ಕೆ ಟ್ಯೂಷನ್ ಬೇಕಿಲ್ಲ, ಹಣವೂ ಬೇಕಿಲ್ಲ. ಮನೆಯಲ್ಲಿ ಒಂದು ಮೊಬೈಲ್ ಇದ್ದರೆ ಸಾಕು. ನಾನು ಅನುಸರಿಸುತ್ತಿರುವ ಕ್ರಮ ಇದು.

1. ಐದು ನಿಮಿಷ ಕೇಳುವುದು. ಆಕಾಶವಾಣಿಯ ಇಂಗ್ಲಿಷ್ ವಾರ್ತೆ ನಮಗೆ ಒಳ್ಳೆಯ ಮಾದರಿ. ಓದುವವರು ನಮ್ಮ ದೇಶದವರೇ, ಆದರೂ ಪ್ರತಿ ಪದ ಸ್ಪಷ್ಟ.

2. ಐದು ನಿಮಿಷ ಹಿಂಬಾಲಿಸುವುದು. ಒಂದೆರಡು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಏರಿಳಿತದಲ್ಲಿ ಹೇಳಬೇಕು. ಮಕ್ತಬಿನಲ್ಲಿ ಉಸ್ತಾದರ ಹಿಂದೆ ಹೇಳಿದ ಹಾಗೆಯೇ.

3. ಐದು ನಿಮಿಷ ಧ್ವನಿಮುದ್ರಣ. ಅಕೌಂಟೆನ್ಸಿ ಅಥವಾ ಬಿಸಿನೆಸ್ ಸ್ಟಡೀಸ್ ಪುಸ್ತಕದ ಒಂದು ಪ್ಯಾರಾ ಜೋರಾಗಿ ಓದಿ ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ನಮ್ಮ ದನಿ ನಮಗೇ ವಿಚಿತ್ರ ಅನಿಸುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಪಾಠವೂ ಓದಿದಂತಾಯಿತು.

4. ವಾರಕ್ಕೆ ಹತ್ತು ಪದ. ಪಾಠದಲ್ಲಿ ಬಂದ ಹೊಸ ಪದಗಳನ್ನು ನಿಘಂಟಿನಲ್ಲಿ ನೋಡಿ, ಒತ್ತಿನ ಗುರುತು ಹಾಕಿ ಬರೆಯಬೇಕು. ನಮ್ಮ ಗ್ರಂಥಾಲಯದಲ್ಲಿ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟು ಇದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ತಯಾರಿಸಿದ ಅದರ ಮೂಲರೂಪ 1942ರಲ್ಲಿ ಜಪಾನಿನಲ್ಲೇ ಮೊದಲು ಪ್ರಕಟವಾಯಿತು. ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರಿಗೆಂದೇ ಹುಟ್ಟಿದ ನಿಘಂಟು ಅದು.

5. ಒಂದು ವಾರಕ್ಕೆ ಒಂದೇ ಧ್ವನಿ. ಈ ವಾರ "ವಿ" ಆದರೆ ಪೂರ್ತಿ ವಾರ ಅದನ್ನೇ ಗಮನಿಸಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಮಾತೇ ನಿಂತುಹೋಗುತ್ತದೆ.

ಒಂದೇ ವಾರದಲ್ಲಿ ಫಲ ಕಾಣುವುದಿಲ್ಲ. ಮೊದಲು ಕಿವಿ ತಿದ್ದಿಕೊಳ್ಳುತ್ತದೆ, ನಾಲಿಗೆ ಆಮೇಲೆ. ಬೇರೆಯವರ ಮಾತಿನಲ್ಲಿ ಒತ್ತು ಎಲ್ಲಿದೆ ಎಂದು ಕೇಳಿಸತೊಡಗಿದರೆ ಅರ್ಧ ದಾರಿ ಮುಗಿಯಿತು ಎಂದುಕೊಳ್ಳಿ.

ನಗುವವರಿಗೆ ಒಂದು ಮಾತು

ಉಚ್ಚಾರಣೆ ಸುಧಾರಿಸುವ ಎಲ್ಲ ಉಪಾಯಗಳಿಗೂ ಒಂದೇ ಒಂದು ಷರತ್ತು ಇದೆ. ಬಾಯಿ ತೆರೆದು ಮಾತಾಡಬೇಕು. ನಗು ಆ ಬಾಯಿಯನ್ನೇ ಮುಚ್ಚಿಸಿಬಿಡುತ್ತದೆ. "ಇಸ್ಟಾಕ್" ಎನ್ನುವವರನ್ನು ನೋಡಿ ನಗುವವರು "ಯೆಂಟ್ರಿ" ಎನ್ನುತ್ತಿರಬಹುದು, "ಯೆಂಟ್ರಿ" ಎನ್ನುವವರನ್ನು ನೋಡಿ ನಗುವವರು "ಟೇಸ್ಟ್ ಮ್ಯಾಚ್" ಎನ್ನುತ್ತಿರಬಹುದು. ಯಾರಾದರೂ ಮಾತಾಡುತ್ತಿರುವಾಗ ನಡುವೆ ತಡೆದು ತಿದ್ದಬೇಡಿ. ಮುಗಿದ ಮೇಲೆ, ಪಕ್ಕಕ್ಕೆ ಕರೆದು, ಅವರು ಕೇಳಿದರೆ ಹೇಳಿ.

ನಮ್ಮ ವಿಭಾಗದ ಕೆಲವರು ಪ್ರತಿ ಗುರುವಾರ ಊಟದ ಬಿಡುವಿನಲ್ಲಿ ಗ್ರಂಥಾಲಯದ ಹಿಂದಿನ ವರಾಂಡದಲ್ಲಿ ಸೇರುತ್ತಿದ್ದೇವೆ. ಒಬ್ಬರು ಉರ್ದು ಮನೆಯವರು, ಒಬ್ಬರು ಕನ್ನಡ ಮನೆಯವರು, ಹೀಗೆ ಜೋಡಿಯಾಗಿ ಕೂತು ಒಂದು ಪುಟ ಓದುತ್ತೇವೆ. ಕಲಾ ಮತ್ತು ವಿಜ್ಞಾನ ವಿಭಾಗದವರೂ ಬರಬಹುದು. ಬರುವಾಗ ನಿಮಗೆ ಹೇಳಲು ಅತ್ಯಂತ ಕಷ್ಟವಾದ ಐದು ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ.